ಮೊದಲು ಬಿಗಿ, ಆಮೇಲೆ ಬಣ್ಣ: ಹಳೇ ಟ್ರ್ಯಾಕ್ಟರೊಂದರ ಬೋಲ್ಟುಗಳ ಪ್ರಕರಣ

ಯುಗಾದಿ ಕಳೆದು ಮೂರು ವಾರಕ್ಕೆ ಈ ಗಾಡಿ ನಮ್ಮ ಗ್ಯಾರೇಜಿಗೆ ಬಂತು. ಇನ್ನೊಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದಿದ್ದರು. ಮ್ಯಾಸಿ ಫರ್ಗುಸನ್ 1035, 1984ರ ಗಾಡಿ. ಆರು ವರ್ಷ ಹುಣಸೆ ಮರದ ಕೆಳಗೆ ನಿಂತಿತ್ತು. ಸೀಟಿನ ಕೆಳಗೆ ಇಲಿ ಗೂಡು, ಮಡ್ಗಾರ್ಡಿನ ಒಳಗೆ ಕಣಜದ ಗೂಡು. ಬಾನೆಟ್ಟಿನ ಕೆಂಪು ಬಣ್ಣ ಬಿಸಿಲಿಗೆ ಬೆಳ್ಳಗಾಗಿ ಇಟ್ಟಿಗೆ ಪುಡಿಯ ಹಾಗೆ ಕೈಗೆ ಬರುತ್ತಿತ್ತು.

ಮನೆಯವರ ಹೆಸರು, ಊರ ಹೆಸರು ಬರೆಯುವುದಿಲ್ಲ. ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಅಂದುಕೊಳ್ಳಿ, ಸಾಕು. ಗಾಡಿ ಕೊಂಡವರು ಅಪ್ಪ. ಅವರು ತೀರಿಕೊಂಡ ಮೇಲೆ ಯಾರೂ ಅದನ್ನು ಚಾಲೂ ಮಾಡಿರಲಿಲ್ಲ. ಅಣ್ಣ ಊರಲ್ಲೇ ಭತ್ತ, ಕಬ್ಬು ನೋಡಿಕೊಂಡಿದ್ದಾರೆ. ತಮ್ಮ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ರಿಪೇರಿಯ ದುಡ್ಡು ತಮ್ಮನದು. ಅಣ್ಣನಿಗೆ ದುಡಿಯುವ ಗಾಡಿ ಬೇಕು. ತಮ್ಮನಿಗೆ ಅಪ್ಪ ಶೋರೂಮಿನಿಂದ ತಂದ ದಿನ ಹೇಗಿತ್ತೋ ಹಾಗೇ ಇರಬೇಕು. ಅವರ ತಾಯಿ ನನಗೆ ಹೇಳಿದ್ದು ಒಂದೇ ಮಾತು. "ಮೇಸ್ತ್ರಿ, ಆಯುಧ ಪೂಜೆಗೆ ಅದು ನಮ್ಮ ಅಂಗಳದಲ್ಲಿ ನಿಂತಿರಬೇಕಪ್ಪ."

ಎಂಜಿನ್ ಕೆಲಸದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್ ಅದು. ಲೈನರ್, ಪಿಸ್ಟನ್, ನಾಜಲ್ ಎಲ್ಲ ಸರಿಯಾಗಿಯೇ ಆಯಿತು. ನಾವು ಎಡವಿದ್ದು ಬೋಲ್ಟು, ನಟ್ಟುಗಳಿಗೆ ಬಣ್ಣ ಹೊಡೆಯುವಾಗ. ಅಷ್ಟು ಸಣ್ಣ ಕೆಲಸದಲ್ಲಿ ಒಂದು ಹಿಂದಿನ ಚಕ್ರವೇ ಕಳಚಿ ಬೀಳುವುದರಲ್ಲಿತ್ತು. ಹಳೇ ಗಾಡಿ ಬಿಚ್ಚಿ ಬಣ್ಣ ಮಾಡಿಸಬೇಕು ಅಂತಿರುವವರು ನಮ್ಮ ತಪ್ಪನ್ನು ಮತ್ತೆ ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಬಿಚ್ಚಿದ ಮೊದಲ ವಾರ

ಈ ಗಾಡಿಯ ಬೋಲ್ಟುಗಳ ಬಗ್ಗೆ ಒಂದು ವಿಷಯ ಮೊದಲೇ ತಿಳಿದಿರಬೇಕು. 1035ರ ಮೂಲ ಇಂಗ್ಲೆಂಡಿನ ಮ್ಯಾಸಿ ಫರ್ಗುಸನ್ 35. ಚೆನ್ನೈಯ ಟಾಫೆ ಕಂಪನಿ 1960ರಲ್ಲಿ ಶುರುವಾಗಿ, ಆ ಬಳಗದ ಗಾಡಿಗಳನ್ನು ಇಲ್ಲಿ ಮಾಡಿತು. ಹಾಗಾಗಿ ಹಳೇ ಗಾಡಿಗಳಲ್ಲಿ ಇಂಚು ಅಳತೆಯ ಥ್ರೆಡ್ಡೇ (ಬೋಲ್ಟಿನ ಮೈಮೇಲಿನ ಸುರುಳಿ ಗೀರು) ಜಾಸ್ತಿ. ಈಗ ನಮ್ಮ ತಾಲ್ಲೂಕಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಮಿಲಿಮೀಟರ್ ಅಳತೆಯವು. ಎರಡೂ ಕಣ್ಣಿಗೆ ಒಂದೇ ಥರ. ಮೂರು ನೂಲು ಅಂದರೆ 3/8 ಇಂಚಿನ ಬೋಲ್ಟಿನ ದಪ್ಪ 9.5 ಮಿ.ಮೀ., ಇಂಚಿಗೆ 16 ಸುತ್ತು. 10 ಮಿ.ಮೀ. ಬೋಲ್ಟಿನ ಸುತ್ತು 1.5 ಮಿ.ಮೀ.ಗೆ ಒಂದು. 8 ಮಿ.ಮೀ. ಬೋಲ್ಟನ್ನು 5/16 ಇಂಚಿನ ತೂತಿಗೆ ಕೊಟ್ಟರೆ ಎರಡು ಸುತ್ತು ಸರಾಗವಾಗಿ ಹೋಗುತ್ತದೆ. ಆಮೇಲೆ ಕಚ್ಚಿಕೊಳ್ಳುತ್ತದೆ. ಪಾನಾ ಹಾಕಿ ಒತ್ತಿದಿರೋ, ಬೀಡಿನ (ಎರಕದ ಕಬ್ಬಿಣದ) ಒಳಗಿನ ಥ್ರೆಡ್ ಹೋಯಿತು.

ಇಷ್ಟು ಗೊತ್ತಿದ್ದೂ ಮೊದಲ ತಪ್ಪು ನಮ್ಮಲ್ಲೇ ಆಯಿತು. ಹುಡುಗ ಬಿಚ್ಚಿದ ಬೋಲ್ಟುಗಳನ್ನೆಲ್ಲ ಒಂದೇ ಬಕೆಟ್ಟಿಗೆ ಹಾಕಿ ಡೀಸೆಲ್ ಸುರಿದು ನೆನೆಹಾಕಿದ. ಮುನ್ನೂರಕ್ಕೂ ಜಾಸ್ತಿ ಬೋಲ್ಟು. ಯಾವುದು ಯಾವ ಕವರಿನದು, ಯಾವುದು ಗಿಡ್ಡ, ಯಾವುದು ಉದ್ದ, ಎಲ್ಲಾ ಕಲಸಿ ಹೋಯಿತು. ತಪ್ಪು ಹುಡುಗನದಲ್ಲ, ನಾನು ಹೇಳಿಕೊಟ್ಟಿರಲಿಲ್ಲ. ಥ್ರೆಡ್ ಗೇಜ್ ಹಿಡಿದುಕೊಂಡು ಒಂದೊಂದನ್ನೇ ವಿಂಗಡಿಸಲು ಮೂರು ದಿನ ಹಿಡಿಯಿತು. ಹಾಗೆ ವಿಂಗಡಿಸುವಾಗಲೇ ಗೊತ್ತಾಯಿತು, ಹಿಂದೆ ಯಾರೋ ಮಡ್ಗಾರ್ಡಿಗೆ ಮಿಲಿಮೀಟರ್ ಬೋಲ್ಟುಗಳನ್ನು ಬಲವಂತವಾಗಿ ತುರುಕಿದ್ದರು ಅಂತ.

ಅದೇ ವಾರ ಇನ್ನೊಂದು ವಿಷಯ ಕಣ್ಣಿಗೆ ಬಿದ್ದಿತ್ತು. ಲಿಫ್ಟ್ ಕವರಿನ ಒಂದು ಬೋಲ್ಟನ್ನು ಬಿಚ್ಚುತ್ತಿದ್ದೆ. ನಲವತ್ತು ವರ್ಷದ ಎಣ್ಣೆ, ಮಣ್ಣು ಕೆರೆದ ಮೇಲೆ ಕೆಳಗೆ ಫ್ಯಾಕ್ಟರಿಯ ಬೂದು ಬಣ್ಣ ಕಾಣಿಸಿತು. ಆ ಬಣ್ಣ ಬೋಲ್ಟಿನ ತಲೆಯಿಂದ ವಾಷರಿಗೆ, ವಾಷರಿನಿಂದ ಬೀಡಿನ ಮೇಲಕ್ಕೆ ಒಂದೇ ಪೊರೆಯಾಗಿ ಇಳಿದಿತ್ತು. ರಿಂಗ್ ಸ್ಪ್ಯಾನರ್ ತಿರುಗಿಸಿದಾಗ ಪೊರೆ ಟಪ್ ಅಂತ ಬಿರುಕು ಬಿಟ್ಟಿತು. ಬೋಲ್ಟು ಎತ್ತಿದರೆ ವಾಷರ್ ಕೂತಿದ್ದ ಜಾಗದಲ್ಲಿ ಬಳೆಯ ಹಾಗೆ ಒಂದು ದುಂಡು ಗುರುತು. ಅಷ್ಟೂ ಬರಿ ಕಬ್ಬಿಣ, ಹೊಳೆಯುತ್ತಿತ್ತು. ಒಂದು ಚುಕ್ಕೆ ಬಣ್ಣವಿಲ್ಲ, ಒಂದು ಚುಕ್ಕೆ ತುಕ್ಕೂ ಇಲ್ಲ.

ಚೆನ್ನಾಗಿದೆ ಅಂತ ಫೋಟೋ ತೆಗೆದುಕೊಂಡೆ. ಅದು ಏನು ಹೇಳುತ್ತಿದೆ ಅಂತ ಆಗ ಯೋಚಿಸಲಿಲ್ಲ. ಫ್ಯಾಕ್ಟರಿಯವರು ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲ ಜೋಡಿಸಿ, ಬಿಗಿ ಮಾಡಿ, ಆಮೇಲೆ ಒಟ್ಟಿಗೆ ಬಣ್ಣ ಹೊಡೆದಿದ್ದರು. ಬಣ್ಣ ಜೋಡಣೆಯ ಹೊರಗಿತ್ತು, ಒಳಗಿರಲಿಲ್ಲ.

ಮೂರು ಅಭಿಪ್ರಾಯ

ಬೋಲ್ಟುಗಳಿಗೆ ಏನು ಮಾಡೋಣ ಅಂತ ಒಂದು ಭಾನುವಾರ ಎಲ್ಲರೂ ಕೂತು ಮಾತಾಡಿದೆವು. ತಮ್ಮನ ಆಸೆ, ಎಲ್ಲವನ್ನೂ ಬೆಂಗಳೂರಿನ ಪೀಣ್ಯಕ್ಕೆ ಕಳಿಸಿ ಝಿಂಕ್ ಪ್ಲೇಟಿಂಗ್, ಅಂದರೆ ಸತುವಿನ ಲೇಪ ಮಾಡಿಸುವುದು. ಬೋಲ್ಟು ತುಂಬಿಕೊಂಡು ಹೋಗಲು ಕಾರಿನಲ್ಲಿ ಚೀಲವನ್ನೂ ತಂದಿದ್ದರು. "ಪಳಪಳ ಅನ್ಬೇಕು ಮೇಸ್ತ್ರಿ, ದುಡ್ಡಿಗೆ ಯೋಚನೆ ಮಾಡ್ಬೇಡಿ" ಅಂದರು. ಪೇಂಟರ್ ಹೇಳಿದ್ದು, ಬಣ್ಣದ ಡಬ್ಬಿಯಲ್ಲಿ ಅದ್ದಿ ತಂತಿಗೆ ನೇತುಹಾಕಿದರೆ ಒಂದೇ ದಿನದ ಕೆಲಸ. ಅಣ್ಣ ಸುಮ್ಮನೆ ಕೇಳುತ್ತಿದ್ದವರು, "ತುಕ್ಕು ಹಿಡಿಯದಿದ್ರೆ ಸಾಕು" ಅಂದರು.

ಪ್ಲೇಟಿಂಗಿಗೆ ನಾನು ಪೂರ್ತಿ ಒಪ್ಪಲಿಲ್ಲ. ಅದೊಂದು ವಿಷಯದಲ್ಲಿ ಸರಿಯಾದ ನಿರ್ಧಾರವಾಯಿತು. ಬೋಲ್ಟಿನ ತಲೆಯ ಮೇಲೆ ಅದರ ಗಟ್ಟಿತನ ಹೇಳುವ ಗೆರೆಗಳಿರುತ್ತವೆ, ನೋಡಿರಬಹುದು. ಇಂಚು ಬೋಲ್ಟಿನಲ್ಲಿ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಮಿಲಿಮೀಟರ್ ಬೋಲ್ಟಿನಲ್ಲಿ 8.8, 10.9, 12.9 ಅಂತ ಅಂಕಿಯೇ ಇರುತ್ತದೆ. ಉಕ್ಕು ಗಟ್ಟಿಯಾದಷ್ಟೂ ಆಸಿಡ್ಡಿಗೆ ಹೆದರಬೇಕು. ಪ್ಲೇಟಿಂಗಿಗೆ ಮೊದಲು ಆಸಿಡ್ಡಿನಲ್ಲಿ ತೊಳೆಯುತ್ತಾರೆ. ಆಗಲೂ, ಪ್ಲೇಟಿಂಗ್ ತೊಟ್ಟಿಯಲ್ಲಿ ಕರೆಂಟ್ ಹರಿಯುವಾಗಲೂ ಹೈಡ್ರೋಜನ್ ಉಕ್ಕಿನ ಒಳಗೆ ಸೇರಿಕೊಳ್ಳುತ್ತದೆ. ಬೋಲ್ಟು ನೋಡಲು ಹೊಸದರ ಹಾಗೇ ಇರುತ್ತದೆ. ಬಿಗಿ ಮಾಡಿ ಬಿಟ್ಟರೆ ಕೆಲವು ಗಂಟೆಯಲ್ಲೋ ಕೆಲವು ದಿನದಲ್ಲೋ ತಾನಾಗಿಯೇ ಮುರಿಯುತ್ತದೆ. 12.9ರಲ್ಲಿ ಈ ಅಪಾಯ ಜಾಸ್ತಿ. ಆರು ಗೆರೆಯವು, 10.9ರವು ಅಂಚಿನಲ್ಲಿರುತ್ತವೆ. ಪ್ಲೇಟಿಂಗ್ ಆದ ಕೆಲವೇ ಗಂಟೆಯಲ್ಲಿ ಸುಮಾರು 200 ಡಿಗ್ರಿ ಒಲೆಯಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಹೈಡ್ರೋಜನ್ ಹೊರಗೆ ಹೋಗುತ್ತದೆ. ಸಣ್ಣ ಕೆಲಸಕ್ಕೆ ಅದನ್ನು ಸರಿಯಾಗಿ ಮಾಡಿಕೊಡುತ್ತಾರೆ ಅನ್ನುವ ಭರವಸೆ ನನಗಿರಲಿಲ್ಲ. ಚೀಲದಿಂದ ಆರು ಗೆರೆಯವನ್ನೂ, ಫ್ಲೈವೀಲ್, ಸ್ಟೀರಿಂಗ್, ಬ್ರೇಕಿಗೆ ಸೇರಿದ್ದನ್ನೂ ತೆಗೆದಿಟ್ಟೆ. ತಮ್ಮನಿಗೆ ಬೇಜಾರಾಯಿತು. ತಗಡಿಗೆ ಹಾಕುವ ಬೋಲ್ಟುಗಳನ್ನು ಹೊಸದಾಗಿಯೇ ತರ್ತೀನಿ ಅಂದರು. ಮುಂದಿನ ವಾರ ಬೆಂಗಳೂರಿನ ಎಸ್‌ಜೆಪಿ ರೋಡಿನ ಅಂಗಡಿಗಳಲ್ಲಿ ಹುಡುಕಿ, ಇಂಚು ಅಳತೆಯವೇ, ಝಿಂಕ್ ಮಾಡಿದ್ದನ್ನು ತಂದರು.

ಉಳಿದದ್ದಕ್ಕೆ ಪೇಂಟರ್ ಹೇಳಿದ ದಾರಿಗೇ ನಾನೂ ಒಪ್ಪಿದೆ. ಬಿಡಿ ಬಿಡಿಯಾಗಿ ಬಣ್ಣ ಮಾಡಿ ಜೋಡಿಸಿದರೆ ಅಂಚು ಚೊಕ್ಕವಾಗಿ ಬರುತ್ತದೆ, ಸಂದಿಗೂ ಬಣ್ಣ ಹೋಗುತ್ತದೆ, ತುಕ್ಕು ಬರುವುದಿಲ್ಲ ಅಂತ ನನ್ನ ಲೆಕ್ಕ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ?

ನೇತುಹಾಕಲು ಜಾಗ ಸಾಲದೆ ಸ್ವಲ್ಪ ಬೋಲ್ಟುಗಳನ್ನು ಥರ್ಮೋಕೋಲ್ ಹಾಳೆಗೆ ಚುಚ್ಚಿ ಸ್ಪ್ರೇ ಮಾಡಿದೆವು. ಥಿನ್ನರ್ ತಾಗಿದ್ದೇ ಥರ್ಮೋಕೋಲ್ ಕರಗಿ, ಬೋಲ್ಟುಗಳು ಒಂದರ ಮೇಲೊಂದು ಒರಗಿ ಅಂಟಿಕೊಂಡವು. ಆ ಇಪ್ಪತ್ತನ್ನು ಮತ್ತೆ ಕೆರೆದು ಮಾಡಬೇಕಾಯಿತು. ಉಳಿದವು ಚೆನ್ನಾಗಿ ಬಂದವು. ಚಕ್ರದ ನಟ್ಟು, ಚಕ್ರದ ಡಿಸ್ಕು, ಚಕ್ರ ಕೂರುವ ಹಬ್ಬು, ಎಲ್ಲಕ್ಕೂ ಒಂದು ಕೋಟ್ ರೆಡ್ ಆಕ್ಸೈಡ್ ಪ್ರೈಮರ್, ಎರಡು ಕೋಟ್ ಎನಾಮೆಲ್. ಆಷಾಢ ಮುಗಿಯುವಷ್ಟರಲ್ಲಿ ಗಾಡಿ ಜೋಡಿಸಿ ನಿಲ್ಲಿಸಿದೆವು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಕಟ ಕಟ

ಮೊದಲ ಸೂಚನೆ ಸ್ಟಾರ್ಟರಿನಿಂದ ಬಂತು. ಹೊಸ ಬ್ಯಾಟರಿ, ರಿಪೇರಿ ಮಾಡಿಸಿದ ಮೋಟರ್, ಆದರೂ ಎಂಜಿನ್ ಸೋತವರ ಹಾಗೆ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಮೋಟರನ್ನು ಮತ್ತೆ ಬಿಚ್ಚಿಸಿದೆ. ಅದರಲ್ಲಿ ಏನೂ ಇರಲಿಲ್ಲ. ಕೊನೆಗೆ ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಅರ್ಥ್ ಪಟ್ಟಿಯ ಬೋಲ್ಟು ಬಿಚ್ಚಿ ನೋಡಿದರೆ ಅದರ ಕೆಳಗೆ ಬೂದು ಬಣ್ಣದ ದಪ್ಪ ಪದರ. ಕರೆಂಟ್ ಥ್ರೆಡ್ಡಿನ ಎರಡು ಸುತ್ತಿನಲ್ಲಿ ಹೇಗೋ ತೂರಿಕೊಂಡು ಹೋಗುತ್ತಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ ಬರಿ ಕಬ್ಬಿಣ ಮಾಡಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿದೆ. ಒಂದೇ ಏಟಿಗೆ ಚಾಲೂ.

ಆಗಲಾದರೂ ಉಳಿದ ಬೋಲ್ಟುಗಳ ಕಡೆ ಯೋಚನೆ ಹೋಗಬೇಕಿತ್ತು. ಹೋಗಲಿಲ್ಲ. ಅದು ಕರೆಂಟಿನ ವಿಷಯ ಅಂತ ಅಲ್ಲಿಗೇ ಬಿಟ್ಟೆ. ಈ ಪ್ರಕರಣದಲ್ಲಿ ನನಗೆ ಈಗಲೂ ನೋವಿರುವುದು ಇದೊಂದರ ಬಗ್ಗೆ.

ಅಣ್ಣ ಗಾಡಿ ತೆಗೆದುಕೊಂಡು ಹೋಗಿ ಗೊಬ್ಬರ ಹೊಡೆಯಲು ಟ್ರೈಲರ್ ಕಟ್ಟಿದರು. ನಾಲ್ಕನೇ ದಿನ ಸಂಜೆ ಫೋನ್ ಬಂತು. "ಮೇಸ್ತ್ರಿ, ಹಿಂದಿನ ಬಲಗಡೆ ಚಕ್ರದಲ್ಲಿ ಕಟ ಕಟ ಅಂತಿದೆ. ಅಮ್ಮ ಜಗಲಿ ಮೇಲೆ ಕೂತಿದ್ದವರು, ಗಾಡಿ ನಿಲ್ಸು, ಅಪ್ಪ ಓಡಿಸ್ವಾಗ ಈ ಸದ್ದು ಇರ್ಲಿಲ್ಲ ಅಂದ್ರು. ನಿಲ್ಸಿದೀನಿ."

ನಾನು ಹೋಗಿ ನೋಡಿದೆ. ಎಂಟು ನಟ್ಟಿನಲ್ಲಿ ಐದು ಕೈಯಲ್ಲೇ ತಿರುಗುತ್ತಿದ್ದವು. ನಟ್ಟು ಕೂರುವ ಜಾಗದ ಸುತ್ತ ಬಣ್ಣ ಹಪ್ಪಳದ ಚೂರಿನ ಹಾಗೆ ಎದ್ದು ಉದುರುತ್ತಿತ್ತು. ಕೆಳಗಿನ ರೆಡ್ ಆಕ್ಸೈಡ್ ಪುಡಿಪುಡಿಯಾಗಿತ್ತು. ಎರಡು ಸ್ಟಡ್ಡಿನ (ಚಕ್ರದ ನಟ್ಟು ಹಾಕುವ, ತಲೆಯಿಲ್ಲದ ಬೋಲ್ಟಿನ) ಥ್ರೆಡ್ ಡಿಸ್ಕಿನ ತೂತಿಗೆ ಉಜ್ಜಿ ಸವೆದಿತ್ತು. ಇನ್ನೆರಡು ಟ್ರಿಪ್ ಹೊಡೆದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಕೈ ತಣ್ಣಗಾಗುತ್ತದೆ. ಆ ರಸ್ತೆಯ ಪಕ್ಕದಲ್ಲಿ ಕಾಲುವೆ ಇದೆ.

ಯಾಕೆ ಹೀಗಾಯಿತು

ಬೋಲ್ಟು ಹಿಡಿದುಕೊಳ್ಳುವುದು ರಬ್ಬರ್ ಬ್ಯಾಂಡಿನ ಹಾಗೆ. ಬಿಗಿ ಮಾಡಿದಾಗ ಅದು ಒಂಚೂರು ಉದ್ದ ಆಗುತ್ತದೆ. ಮತ್ತೆ ಗಿಡ್ಡ ಆಗಲು ಎಳೆಯುತ್ತಾ ಇರುತ್ತದೆ. ಆ ಎಳೆತವೇ ಎರಡು ತುಂಡುಗಳನ್ನು ಒತ್ತಿ ಹಿಡಿಯುವುದು. 40 ಮಿ.ಮೀ. ದಪ್ಪವನ್ನು ಹಿಡಿದಿರುವ ಒಂದು ಒಳ್ಳೆಯ ಬೋಲ್ಟು ಪೂರ್ತಿ ಬಿಗಿ ಆದಾಗ ಉದ್ದವಾಗುವುದು ಸುಮಾರು 0.1 ಮಿ.ಮೀ. ಅಷ್ಟೆ. ಹಿಡಿತದ ದಪ್ಪ ಕಮ್ಮಿ ಆದರೆ ಇನ್ನೂ ಕಮ್ಮಿ. ಪ್ರೈಮರ್, ಎರಡು ಕೋಟ್ ಬಣ್ಣ ಸೇರಿದರೆ ಅದೂ ಹತ್ತಿರ ಹತ್ತಿರ 0.1 ಮಿ.ಮೀ. ದಪ್ಪ. ಅದೂ ಒಂದು ಮುಖಕ್ಕೆ. ನಟ್ಟಿನ ಕೆಳಗೆ, ಡಿಸ್ಕಿನ ಹಿಂದೆ, ಹಬ್ಬಿನ ಮೇಲೆ ಅಂತ ಮೂರ್ನಾಲ್ಕು ಮುಖಕ್ಕೆ ನಾವು ಬಣ್ಣ ಬಳಿದಿದ್ದೆವು. ಲೋಡ್ ಬಿದ್ದಾಗ ಬಣ್ಣ ಅರೆದು ಹೊರಗೆ ಬಂತು. ಅದು ಬಿಟ್ಟ ಜಾಗ ಬೋಲ್ಟಿನ ಎಳೆತವನ್ನೆಲ್ಲ ತಿಂದು ಹಾಕಿತು.

ಥ್ರೆಡ್ಡಿನ ಮೇಲಿನ ಬಣ್ಣ ಇನ್ನೊಂದು ಮೋಸ ಮಾಡಿತು. ಪಾನಾ ಹಾಕಿ ತಿರುಗಿಸುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯಲು ಹೋಗುತ್ತದೆ. ಉಳಿದ ಒಂಬತ್ತು ಪಾಲು ತಲೆಯ ಕೆಳಗಿನ ಉಜ್ಜಾಟಕ್ಕೂ ಥ್ರೆಡ್ಡಿನ ಉಜ್ಜಾಟಕ್ಕೂ ಖರ್ಚಾಗುತ್ತದೆ. ಥ್ರೆಡ್ಡಿನಲ್ಲಿ ಒಣಗಿದ ಎನಾಮೆಲ್ ಇದ್ದರೆ ಆ ಒಂದು ಪಾಲೂ ಉಳಿಯುವುದಿಲ್ಲ. ಬೇಕಾದಷ್ಟು ಬಲ ಬಿದ್ದಾಗ ಸದ್ದು ಮಾಡುವ ಪಾನಾ, ಟಾರ್ಕ್ ರೆಂಚ್, ಕಟ್ ಅಂತ ಸದ್ದು ಮಾಡಿತ್ತು, ನಾನೇ ಕೇಳಿದ್ದೆ. ರೆಂಚ್ ಸುಳ್ಳು ಹೇಳಿರಲಿಲ್ಲ. ಅದು ಅಳೆದದ್ದು ಬಣ್ಣದ ಉಜ್ಜಾಟವನ್ನು.

ಅಷ್ಟರಲ್ಲಿ ಮಳೆಯೂ ಹಿಡಿಯಿತು. ತಮ್ಮ ತಂದಿದ್ದ ಝಿಂಕ್ ಬೋಲ್ಟುಗಳ ತಲೆಯಿಂದ ಕೆಂಪು ಬಣ್ಣ ಸಿಪ್ಪೆಯ ಹಾಗೆ ಸುಲಿಯತೊಡಗಿತು. ಉಗುರು ತಾಗಿಸಿದರೆ ಸಾಕು. ಅವಕ್ಕೂ ರೆಡ್ ಆಕ್ಸೈಡ್, ಅದರ ಮೇಲೆ ಎನಾಮೆಲ್ಲೇ ಹೊಡೆದಿದ್ದೆವು. ಎಣ್ಣೆ ಮೂಲದ ಬಣ್ಣವನ್ನು ನೇರವಾಗಿ ಝಿಂಕಿನ ಮೇಲೆ ಹೊಡೆದರೆ, ತೇವ ಸೇರಿದಾಗ ಎರಡೂ ಕೂಡಿ ಅಡಿಯಲ್ಲಿ ಸಾಬೂನಿನಂಥ ಪದರ ಕಟ್ಟುತ್ತದೆ. ಬಣ್ಣ ಹಿಡಿದುಕೊಳ್ಳಲು ನೆಲೆಯೇ ಇರುವುದಿಲ್ಲ. ಬಣ್ಣ ಎಷ್ಟು ಒಳ್ಳೆಯ ಕಂಪನಿಯದಾದರೂ ಅಷ್ಟೆ.

ಮತ್ತೆ ಬಿಚ್ಚಿದ್ದು

ಗಾಡಿ ವಾಪಸ್ ತರಿಸಿದೆ. ಈ ಸಲದ ಕೆಲಸಕ್ಕೆ ದುಡ್ಡು ಬೇಡ ಅಂತ ಮನೆಯವರಿಗೆ ಹೇಳಿದೆ. ಆಯುಧ ಪೂಜೆಗೆ ಏಳು ವಾರ ಇತ್ತು. ಆ ಮೊದಲ ವಾರದ ಫೋಟೋವನ್ನು ಫೋನಿನಲ್ಲಿ ಹುಡುಕಿ ತೆಗೆದು ಪೇಂಟರಿಗೆ ತೋರಿಸಿದೆ. ಆ ಬಳೆಯ ಗುರುತನ್ನು ಅವನು ತುಂಬ ಹೊತ್ತು ನೋಡಿದ. "ಅಂದ್ರೆ ಅವ್ರು ಕೊನೇಲಿ ಹೊಡ್ದಿದಾರೆ ಅಣ್ಣ" ಅಂದ. ಅಲ್ಲಿಂದ ದಾರಿ ಸರಿಯಾಯಿತು.

ಎಂಜಿನ್, ಗೇರ್‌ಬಾಕ್ಸ್, ಆಕ್ಸಲಿನ ಬೋಲ್ಟುಗಳೇ ದೊಡ್ಡ ಗುಂಪು. ಅವುಗಳ ಬಣ್ಣವನ್ನೆಲ್ಲ ಪೇಂಟ್ ರಿಮೂವರ್ ಹಾಕಿ ತೆಗೆದು, ಥ್ರೆಡ್ಡನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿದೆವು. ಬೀಡಿನ ತೂತುಗಳಿಗೆ ಸರಿಯಾದ ಇಂಚು ಟ್ಯಾಪನ್ನು ಕೈಯಲ್ಲೇ ಇಳಿಸಿ ಒಳಗಿನ ಬಣ್ಣ ತೆಗೆದೆವು. ವಾಷರ್ ಕೂರುವ ಜಾಗವನ್ನೂ ಬರಿ ಕಬ್ಬಿಣಕ್ಕೆ ತಂದೆವು. ಥ್ರೆಡ್ಡಿಗೆ ಒಂದು ಹನಿ ಎಣ್ಣೆ ಮುಟ್ಟಿಸಿ, ಪುಸ್ತಕದಲ್ಲಿದ್ದಷ್ಟು ಟಾರ್ಕಿಗೆ ಬಿಗಿ ಮಾಡಿದೆವು. ಅದಾದ ಮೇಲೆ ಇಡೀ ಗಾಡಿಯನ್ನು ಥಿನ್ನರಿನಲ್ಲಿ ಒರೆಸಿದೆವು. ಎಣ್ಣೆಯ ಜಿಡ್ಡು ಬೋಲ್ಟಿನ ತಲೆಯ ಬುಡದಲ್ಲಿ ಅಡಗಿರುತ್ತದೆ. ಅಲ್ಲಿಗೆ ಹಲ್ಲುಜ್ಜುವ ಬ್ರಷ್ಷೇ ಆಗಬೇಕು. ಆಮೇಲೆ ಪ್ರೈಮರ್, ಬೂದು ಬಣ್ಣ. ಬೋಲ್ಟಿನ ತಲೆ, ವಾಷರ್, ಬೀಡು, ಎಲ್ಲದರ ಮೇಲೂ ಒಂದೇ ಪೊರೆ.

ಬಣ್ಣ ತಾಗಬಾರದ ಜಾಗಗಳನ್ನು ಮೊದಲೇ ಮುಚ್ಚಿದ್ದೆವು. ಹೊರಗೆ ಉಳಿಯುವ ಸ್ಟಡ್ಡಿನ ಥ್ರೆಡ್ಡಿಗೆ ಸೈಕಲ್ಲಿನ ವಾಲ್ ಟ್ಯೂಬ್, ದಪ್ಪನೆಯದಕ್ಕೆ ಹಳೇ ಟ್ಯೂಬಿನ ರಬ್ಬರ್ ಸುತ್ತಿದೆವು. ಗ್ರೀಸ್ ನಿಪ್ಪಲ್ ಒಂದೊಂದಕ್ಕೂ ಗ್ರೀಸ್ ಮೆತ್ತಿ ಟೇಪ್ ಹಾಕಿದೆವು. ಗಾಳಿ ಆಡುವ ಬ್ರೀದರ್ ತೂತು, ಟಾಪ್ ಲಿಂಕಿನ ಥ್ರೆಡ್, ಲಿಂಕೇಜ್ ಪಿನ್ನುಗಳು, ಬ್ರೇಕ್ ಅಡ್ಜಸ್ಟರ್, ಅರ್ಥ್ ಜಾಗ ಇವಕ್ಕೆ ಬಣ್ಣವೇ ಇಲ್ಲ. ಸೈಲೆನ್ಸರ್ ಮ್ಯಾನಿಫೋಲ್ಡಿನ ನಟ್ಟಿಗೂ ಇಲ್ಲ. ಅಲ್ಲಿನ ಬಿಸಿಗೆ ಎನಾಮೆಲ್ ಸುಟ್ಟು ಕಪ್ಪಗಾಗುತ್ತದೆ. ಅಲ್ಲಿಗೆ ಹಿತ್ತಾಳೆ ನಟ್ಟು ಹಾಕಿದೆ. ಮುಂದೆ ಬಿಚ್ಚುವವನಿಗೂ ಸುಲಭ.

ಬಾನೆಟ್ಟು, ಮಡ್ಗಾರ್ಡು, ಡ್ಯಾಶಿನ ಬೋಲ್ಟುಗಳದ್ದು ಬೇರೆ ಲೆಕ್ಕ. ತಗಡನ್ನು ಬಿಡಿಯಾಗಿಯೇ ಬಣ್ಣ ಮಾಡಬೇಕು. ಈ ಸಲ ಥರ್ಮೋಕೋಲ್ ಬದಲು ರಟ್ಟಿನ ಪೆಟ್ಟಿಗೆ. ಅದರಲ್ಲಿ ತೂತು ಮಾಡಿ ಬೋಲ್ಟುಗಳನ್ನು ಕುತ್ತಿಗೆವರೆಗೂ ಇಳಿಸಿದರೆ ತಲೆ ಮಾತ್ರ ಮೇಲೆ ಉಳಿಯುತ್ತದೆ. ಪಕ್ಕದಲ್ಲಿ ಪೆನ್ನಿನಿಂದ "ಎಡ ಮಡ್ಗಾರ್ಡ್ ಹಿಂದೆ", "ಬಾನೆಟ್ ಮುಂದೆ" ಅಂತ ಬರೆದೆವು. ಬಣ್ಣವೂ ಆಯಿತು, ಜಾಗದ ಗುರುತೂ ಆಯಿತು. ಮೊದಲ ದಿನವೇ ಬಕೆಟ್ಟಿನ ಬದಲು ಈ ರಟ್ಟು ಇಟ್ಟಿದ್ದರೆ ಮೂರು ದಿನ ಉಳಿಯುತ್ತಿತ್ತು. ಝಿಂಕ್ ತಲೆಗಳನ್ನು ಎಮರಿಯಲ್ಲಿ ಮಂಕು ಮಾಡಿ, ಮೊದಲು ಎಚ್ ಪ್ರೈಮರ್ (ಝಿಂಕನ್ನು ಕಚ್ಚಿ ಹಿಡಿಯುವ ಪ್ರೈಮರ್), ಆಮೇಲೆ ಕೆಂಪು ಬಣ್ಣ. ಒಂದು ವಾರ ಒಣಗಲು ಬಿಟ್ಟೆವು. ಪೇಂಟರಿಗೆ ಅವಸರ ಇತ್ತು, ನಾನು ಬಿಡಲಿಲ್ಲ. ಮೇಲೆ ಒಣಗಿದ ಹಾಗೆ ಕಂಡರೂ ಎನಾಮೆಲ್ ಒಳಗೆ ಮೆತ್ತಗೇ ಇರುತ್ತದೆ. ಜೋಡಿಸುವಾಗ ಬಾಕ್ಸ್ ಸ್ಪ್ಯಾನರಿನ ಒಳಗೆ ತೆಳು ಪ್ಲಾಸ್ಟಿಕ್ ಚೂರು ಇಟ್ಟುಕೊಂಡು ಬಿಗಿ ಮಾಡಿದೆವು. ಆದರೂ ಹತ್ತು ಹನ್ನೆರಡು ತಲೆಯ ಮೂಲೆ ಕಿತ್ತು ಬಂತು. ಅವಕ್ಕೆ ಸಣ್ಣ ಬ್ರಷ್ಷಿನಲ್ಲಿ ಬಣ್ಣ ಮುಟ್ಟಿಸಿದೆವು.

ಕೊನೆಗೆ ಉಳಿದದ್ದು ಚಕ್ರ. ಸವೆದ ಎರಡು ಸ್ಟಡ್ಡಿನ ಜೊತೆ ಅನುಮಾನ ಬಂದ ಇನ್ನೊಂದನ್ನೂ ಬದಲಾಯಿಸಿದೆ. ಡಿಸ್ಕಿನ ಎರಡೂ ಮುಖ, ಹಬ್ಬಿನ ಮುಖ, ನಟ್ಟು ಕೂರುವ ಜಾಗ, ಎಲ್ಲವನ್ನೂ ಬರಿ ಲೋಹಕ್ಕೆ ತಂದು, ತುಕ್ಕು ಬರದ ಹಾಗೆ ಎಣ್ಣೆ ಬಟ್ಟೆಯಲ್ಲಿ ಒಂದು ಸಲ ಸವರಿದೆ. ಅಡ್ಡಕ್ಕೆ ಎದುರುಬದುರಾಗಿ ಬಿಗಿ ಮಾಡಿದೆ. ಖಾಲಿ ಗಾಡಿಯನ್ನು ಒಂದು ಗಂಟೆ ಓಡಿಸಿ ಮತ್ತೆ ಟಾರ್ಕ್ ಕೊಟ್ಟೆ. ಟ್ರೈಲರ್ ಕಟ್ಟಿ ಒಂದು ದಿನ ಓಡಿಸಿದ ಮೇಲೆ ಇನ್ನೊಂದು ಸಲ ಕೊಟ್ಟೆ. ಆ ಮೂರನೇ ಸಲ ಒಂದು ನಟ್ಟೂ ಕದಲಲಿಲ್ಲ. ಆಗ ನಟ್ಟುಗಳ ಹೊರಮೈಗೆ ಬ್ರಷ್ಷಿನಲ್ಲಿ ಬಣ್ಣ ಹಚ್ಚಿ, ಒಣಗಿದ ಮೇಲೆ ಪ್ರತಿ ನಟ್ಟಿನಿಂದ ಡಿಸ್ಕಿಗೆ ಇಳಿಯುವ ಹಾಗೆ ಒಂದೊಂದು ಹಳದಿ ಗೆರೆ ಎಳೆದೆ. ನಟ್ಟು ಒಂಚೂರು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ತಮ್ಮನಿಗೆ ಮೊದಲು ಈ ಹಳದಿ ಗೆರೆ ಇಷ್ಟವಾಗಲಿಲ್ಲ. ಅಷ್ಟು ಚೆಂದದ ಚಕ್ರದ ಮೇಲೆ ಇದೇನು ಗೀಚಿದ್ದು ಅಂದರು. ಅಣ್ಣ ಅವರನ್ನು ಕರೆದುಕೊಂಡು ಹೋಗಿ, ಸವೆದ ಹಳೇ ಸ್ಟಡ್ಡನ್ನು ಕೈಗೆ ಕೊಟ್ಟರು. ಆಮೇಲೆ ತಮ್ಮ ಗೆರೆಯ ಬಗ್ಗೆ ಮಾತಾಡಲಿಲ್ಲ. ಬಾನೆಟ್ಟಿನ ಮುಂದಿನ ನಾಲ್ಕು ಬೋಲ್ಟು ಮಾತ್ರ ಬಣ್ಣವಿಲ್ಲದೆ ಪಳಪಳ ಅನ್ನಲಿ ಅಂತ ಕೇಳಿಕೊಂಡರು. ಅಲ್ಲಿ ಬೀಳುವ ಭಾರ ಏನೂ ಇಲ್ಲ. ಝಿಂಕಿನವನ್ನೇ ಹಾಗೇ ಹಾಕಿ ಕೊಟ್ಟೆ.

ಆಯುಧ ಪೂಜೆಯ ದಿನ ನನ್ನನ್ನೂ ಕರೆದಿದ್ದರು. ಬಾಳೆ ಕಂದು, ಚೆಂಡುಹೂವಿನ ಹಾರ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು. ಕುಂಬಳಕಾಯಿ ಒಡೆದು, ಅಣ್ಣ ಗಾಡಿ ಚಾಲೂ ಮಾಡಿದರು. ತಾಯಿ ಜಗಲಿ ಮೇಲೇ ಕೂತು ಕಿವಿಗೊಟ್ಟು ಕೇಳಿಸಿಕೊಂಡರು. "ಈಗ ಸರಿಯಾಗಿದೆ" ಅಂದರು.

ಅದಾಗಿ ಒಂದು ವರ್ಷ ಆಯಿತು. ಹೋದ ತಿಂಗಳು ಗಾಡಿ ಸರ್ವಿಸಿಗೆ ಬಂದಿತ್ತು. ಗೇರ್‌ಬಾಕ್ಸಿನ ಬೋಲ್ಟುಗಳ ಮೇಲಿನ ಪೊರೆ ಎಲ್ಲೂ ಬಿರುಕು ಬಿಟ್ಟಿಲ್ಲ. ಮಡ್ಗಾರ್ಡಿನ ಎರಡು ತಲೆಯಲ್ಲಿ ಕಲ್ಲು ಸಿಡಿದು ಬಣ್ಣ ಹೋಗಿದೆ, ಸುಲಿದಿಲ್ಲ. ಚಕ್ರದ ಗೆರೆಗಳನ್ನು ಬಟ್ಟೆಯಲ್ಲಿ ಒರೆಸಿ ನೋಡಿದೆ. ಎಡಗಡೆ ಎಂಟೂ ನೇರವಾಗಿದ್ದವು. ಬಲಗಡೆ ಒಂದರಲ್ಲಿ ಮಾತ್ರ ಗೆರೆ ಕೂದಲೆಳೆಯಷ್ಟು ಸರಿದಿತ್ತು. ಅದು ನಾನು ಬದಲಾಯಿಸದೆ ಬಿಟ್ಟಿದ್ದ ಹಳೇ ಸ್ಟಡ್ಡುಗಳಲ್ಲಿ ಒಂದು. ಅದನ್ನೂ ಬದಲಾಯಿಸಿ, ಗಂಟೆ ಓಡಿಸಿ, ಮತ್ತೆ ಬಿಗಿ ನೋಡಿ, ಹೊಸ ಗೆರೆ ಎಳೆದು ಕಳಿಸಿದ್ದೇನೆ.